ಹಳೇ ಶೂ, ಹೊಸ ಬಟ್ಟೆ, ಮತ್ತೆ ಒಂದು ಮೊಳೆ

ಇವತ್ತು ಇಂಟರ್‌ವ್ಯೂ ಟಿಪ್ಸ್ ಇಲ್ಲ, ಶೇರು ಮಾರ್ಕೆಟ್ಟೂ ಇಲ್ಲ. ಬಾಗಿಲ ಹತ್ರ ಇರೋ ಶೂ ರ್‍ಯಾಕಿನ ಬಗ್ಗೆ ಮಾತಾಡೋಣ. ಬಿಸಾಡೋಕೆ ಮನಸ್ಸಿಲ್ಲ, ಹಾಕ್ಕೊಳ್ಳೋಕೆ ನಾಚಿಕೆ, ಅಂಥ ಎರಡು ಮೂರು ಜೊತೆ ಎಲ್ಲರ ಮನೇಲೂ ಇರ್ತವೆ.

ಬಣ್ಣ, ಗೋಂದು ತರೋ ಮೊದಲು ತಳ ನೋಡಿ. ಹೆಬ್ಬೆರಳಿಂದ ಒತ್ತಿದ್ರೆ ಪುಡಿ ಉದುರ್ತಿದ್ಯಾ? ಅಂಟಂಟು ಆಗಿದ್ಯಾ? ಹಾಗಿದ್ರೆ ಆ ಶೂ ಮುಗೀತು. ಪಾಲಿಯುರೆಥೇನ್ ತಳ ಗಾಳಿಯಲ್ಲಿರೋ ತೇವದ ಜೊತೆ ವರ್ತಿಸಿ ಒಳಗಿಂದ ಒಡೀತಾ ಹೋಗುತ್ತೆ. ಡಬ್ಬದಲ್ಲಿ ಜೋಪಾನವಾಗಿ ಇಟ್ಟ ಶೂಗೂ ಇದೇ ಗತಿ. ನನ್ನ ಎಂಟೆಕ್ ಕಂಪ್ಯೂಟರಲ್ಲಿ, ರಸಾಯನಶಾಸ್ತ್ರದಲ್ಲಲ್ಲ, ಆದ್ರೂ ಇಷ್ಟು ಖಾತ್ರಿ: ಬ್ಯಾಕೆಂಡ್ ಬಿದ್ದಿರುವಾಗ ಬಟನ್ ಬಣ್ಣ ಬದಲಾಯಿಸಿ ಪ್ರಯೋಜನ ಇಲ್ಲ. ಸಿಪ್ಪೆ ಏಳ್ತಿರೋ ಸಿಂಥೆಟಿಕ್ ಲೆದರಿಗೆ ಬಣ್ಣ ಹಚ್ಚಿದ್ರೂ ಅಷ್ಟೇ, ಸಿಪ್ಪೆ ಜೊತೆ ಬಣ್ಣವೂ ಎದ್ದು ಬರುತ್ತೆ. ಅದನ್ನ ಕೆರೆದು ತೆಗೆದು ಮೇಲೆ ಬಟ್ಟೆ ಅಂಟಿಸಬೇಕು.

ಕ್ಯಾನ್ವಾಸ್ ಶೂ ಸುಲಭ. ತೊಳೆದು, ಒಣಗಿಸಿ, ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಎರಡು ಮೂರು ಸಲ. ದಪ್ಪಗೆ ಬಳಿದ್ರೆ ಬೆರಳು ಮಡಚೋ ಜಾಗದಲ್ಲಿ ಬಿರುಕು ಬಿಡುತ್ತೆ. ನಿಜವಾದ ಚರ್ಮ ಆದ್ರೆ ಹಳೇ ಪಾಲಿಶ್ ತೆಗೀಬೇಕು, ಹತ್ತಿಗೆ ಅಸಿಟೋನ್ ಹಾಕಿ ಒರೆಸಿ. ಕಿಟಕಿ ತೆಗೆದಿರಲಿ, ಗ್ಯಾಸ್ ಒಲೆ ದೂರ ಇರಲಿ. ಸಿಂಥೆಟಿಕ್ಕಿಗೆ ಅಸಿಟೋನ್ ಬೇಡ, ಕರಗುತ್ತೆ.

ಈಗ ಬಟ್ಟೆ. ಈ ವಿಷಯದಲ್ಲಿ ನಾವು ಪುಣ್ಯವಂತರು. ನಾಸಿಕ್‌ನಿಂದ ಸಂಭಾಜಿನಗರಕ್ಕೆ ಹೋಗೋ ದಾರೀಲೇ ಯೇವಲಾ ಸಿಗುತ್ತೆ, ಪೈಠಣಿ ನೇಯೋ ಊರು. ಅಸಲಿ ಪೈಠಣಿಗೆ ಕತ್ತರಿ ಹಾಕಿ ಅಂತ ನಾನು ಹೇಳಲ್ಲ, ಮನೇಲಿ ಜಗಳ ಆಗುತ್ತೆ. ಅದೇ ನಮೂನೆಯ ಪಾಲಿಯೆಸ್ಟರ್ ಅಂಚು ಸಾಕು. ಸಂಭಾಜಿನಗರದ್ದು ಹಿಮ್ರೂ, ಹತ್ತಿ ರೇಷ್ಮೆ ಕೂಡಿಸಿ ನೇಯೋದು. ತುಘಲಕ್ 1327ರಲ್ಲಿ ರಾಜಧಾನೀನ ದೌಲತಾಬಾದಿಗೆ ತಂದಾಗ ಜೊತೆಗೆ ಬಂದ ಕಲೆ ಅಂತ ಅಲ್ಲಿಯವರು ಹೇಳ್ತಾರೆ. ನಾನು ಬಳಸಿದ್ದು ಮಾತ್ರ ಅವ್ವನ ಟ್ರಂಕಿನಲ್ಲಿದ್ದ ಗುಳೇದಗುಡ್ಡದ ಖಣದ ತುಂಡು.

ಶೂ ಮೇಲೆಲ್ಲ ಪೇಪರ್ ಟೇಪ್ ಸುತ್ತಿ, ಹೊಲಿಗೆ ಗೆರೆ ಪೆನ್ನಲ್ಲಿ ಎಳೆದು, ಬಿಡಿಸಿ ಚಪ್ಪಟೆ ಮಾಡಿದ್ರೆ ಅಳತೆ ಸಿಕ್ತು. ಬಟ್ಟೇನ ಓರೆಯಾಗಿ ಕತ್ತರಿಸಿ, ಆಗ ಮುಂಭಾಗದ ದುಂಡಿಗೆ ಸುಕ್ಕಿಲ್ಲದೆ ಕೂರುತ್ತೆ. ಪಾಲಿಯೆಸ್ಟರ್ ಅಂಚನ್ನ ಮೇಣದ ಬತ್ತಿಗೆ ಹಿಡಿದು ಮುಚ್ಚಬಹುದು, ರೇಷ್ಮೆ ಹತ್ತಿ ಸುಟ್ಟು ಹೋಗುತ್ತೆ. ಶಾಲೇಲಿ ಬಳಸ್ತಿದ್ದ ಬಿಳಿ ಗೋಂದು ನೀರಿಗೆ ಮೆತ್ತಗಾಗುತ್ತೆ, ಬೇಡ. ರಬ್ಬರ್ ಗೋಂದನ್ನ ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗೋವರೆಗೆ ಕಾದು, ಆಮೇಲೆ ಒತ್ತಿ. ಈ ಕಾಯೋದೇ ಮುಖ್ಯ, ನಮ್ಮವರಿಗೆ ಆಗದಿರೋದೂ ಅದೇ.

ಇದನ್ನೆಲ್ಲ ನಾನು ಮಾಡಿದ್ದು ಅಪ್ಪನ ಶೂಗೆ. ಸಂಭಾಜಿನಗರದಲ್ಲಿ ತಂಗಿ ಮದುವೆ ಇತ್ತು. ಅಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಹೊಸ ಶೂ ಕೊಡಿಸ್ತೀನಿ ಅಂದ್ರೆ "ಬ್ಯಾಡೋ, ಹೊಸಾದು ಕಚ್ಚತೈತಿ, ಇದು ಕಾಲಿಗೆ ಒಗ್ಗೇತಿ" ಅಂದ್ರು. ಸರಿ ಅಂತ ಮೇಲಿನ ಕೆಲಸ ನಾನು ಮಾಡೋದು, ಹಿಮ್ಮಡಿ ಒಂದು ಕಡೆ ಸವೆದಿತ್ತು, ಅದನ್ನ ಸೊಸೈಟಿ ಗೇಟಿನ ಮೋಚಿ ಕಾಕಾಗೆ ಕೊಡೋದು ಅಂತ ಯೋಚಿಸಿದೆ. ಕಾಕಾ ಶೂ ಇಸ್ಕೊಂಡು ಖಣದ ಕಡೆ ನೋಡಲೇ ಇಲ್ಲ. ಸೀದಾ ಒಳಗೆ ಕೈ ಹಾಕಿದ್ರು. "ಖಿಳಾ ವರ ಆಲಾಯ್," ಅಂದ್ರು. ಹಿಮ್ಮಡಿಯ ಮೊಳೆ ಮೇಲೆ ಬಂದಿದೆ ಅಂತ. ಒಳಹಾಸಿನಲ್ಲಿ ಸಣ್ಣ ತೂತು, ಬೆರಳಿಗೆ ಚುಚ್ಚೋಷ್ಟು ಮೊನೆ. ಅಪ್ಪ ಅದೇ ಶೂನಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಿದ್ರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಶುಗರ್ ಹಳೇದಾದ್ರೆ ಪಾದದ ನರ ಸೋತು ಸ್ಪರ್ಶ ಕಮ್ಮಿ ಆಗುತ್ತೆ, ಗಾಯವೂ ಬೇಗ ಮಾಯಲ್ಲ. ಅವತ್ತೇ ಸಂಜೆ ಡಾಕ್ಟರ್ ಹತ್ರ ತೋರಿಸಿದ್ವಿ. ಚರ್ಮ ಕೆಂಪಾಗಿತ್ತು, ಹರಿದಿರಲಿಲ್ಲ. ಹಾಗಾಗಿ ದೊಡ್ಡವರ ಶೂಗೆ ಕೈ ಹಚ್ಚೋರು ನೆನಪಿಡಿ: ಅಲಂಕಾರ ಹೊರಗಡೆ ಮಾತ್ರ. ಒಳಗೆ ಗಂಟು, ಸ್ಟೇಪಲ್ ಪಿನ್ನು, ಗೋಂದಿನ ಉಂಡೆ ಏನೂ ಬರಬಾರದು. ದಿನಾ ಹಾಕ್ಕೊಳ್ಳೋ ಮೊದಲು ಒಳಗೆ ಕೈ ಆಡಿಸಿ.

ಕಾಕಾ ಮೊಳೆ ತೆಗೆದು, ಹೊಸ ಹಿಮ್ಮಡಿ ಹೊಲಿದು ಅಂಟಿಸಿಕೊಟ್ರು. ಇಲ್ಲೊಂದು ಮಾತು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಎರಡೂ ರಾಜ್ಯಕ್ಕೆ ಸೇರಿದ್ದು: ಈ ಕಡೆ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ತರಹದ ಚಪ್ಪಲಿ ಮೆರೆಸಿ ಊರಿನ ಹೆಸರು ಹೇಳದೇ ಹೋದಾಗ ನಾವೆಲ್ಲ ಸಿಟ್ಟಿನಿಂದ ಸ್ಟೇಟಸ್ ಹಾಕಿದ್ವಿ. ಗೇಟಿನ ಹತ್ರ ಕೂತವರು ಐವತ್ತು ಕೇಳಿದ್ರೆ ಮಾತ್ರ ಮೂವತ್ತಕ್ಕೆ ಮಾಡ್ರಿ ಅಂತೀವಿ. ಹರಳಯ್ಯನವರ ಕಥೆ ಕೇಳಿ ಬೆಳೆದವರು ನಾವು!

ಕೊನೇದಾಗಿ, ಒಣಗಿಸೋದು. ಒಳಗೆ ಹಳೇ ಪೇಪರ್ ತುರುಕಿ, ನೆರಳಲ್ಲಿ ಫ್ಯಾನಿನ ಕೆಳಗೆ ಒಂದು ಪೂರ್ತಿ ದಿನ ಬಿಡಿ. ಕೊಳೆಯಾದ್ರೆ ಒದ್ದೆ ಬಟ್ಟೇಲಿ ಒರೆಸಿ, ವಾಷಿಂಗ್ ಮಷೀನಿಗೆ ಹಾಕಬೇಡಿ. ಜರಿ ಅಂಚಿನ ಶೂ ಹಾಕ್ಕೊಂಡು ಜುಲೈ ಮಳೇಲಿ ಗಂಗಾಪುರ ಡ್ಯಾಮ್ ನೋಡೋಕೆ ಹೋಗಬೇಡಿ, ಅದಕ್ಕೆ ರಬ್ಬರ್ ಚಪ್ಪಲಿ ಸಾಕು.