ಕಾಮನಬಿಲ್ಲಿನ ಹಾಡು ಬರೆದವರು

‘ದಿ ವಿಝರ್ಡ್ ಆಫ್ ಆಝ್’ ಚಿತ್ರ ನೋಡದವರೂ ಅದರ ಕಾಮನಬಿಲ್ಲಿನ ಹಾಡನ್ನು ಕೇಳಿರಬಹುದು. ಹಾಡಿದ ಜೂಡಿ ಗಾರ್ಲೆಂಡ್ ನೆನಪಿರುತ್ತಾರೆ. ಬರೆದವರು ಯಾರೆಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಸಿನಿಮಾ ಕವಿಗಳ ಹಣೆಬರಹವೇ ಅಷ್ಟು ತಾನೆ! ಅವರ ಹೆಸರು ಇ. ವೈ. ಹಾರ್ಬರ್ಗ್; ಗೆಳೆಯರಿಗೆ ‘ಯಿಪ್’.

ರಷ್ಯಾದಿಂದ ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ, 1896ರಲ್ಲಿ, ನ್ಯೂಯಾರ್ಕಿನಲ್ಲಿ ಹುಟ್ಟಿದರು. ವಿದ್ಯುತ್ ಉಪಕರಣಗಳ ವ್ಯಾಪಾರ ಮಾಡುತ್ತಿದ್ದರು. 1929ರ ಆರ್ಥಿಕ ಕುಸಿತದಲ್ಲಿ ಅದು ಮುಳುಗಿತು. ಆಗ ಶಾಲೆಯ ಗೆಳೆಯ ಐರಾ ಗರ್ಶ್‌ವಿನ್ ಅವರನ್ನು ಹಾಡಿನ ಕಡೆಗೆ ಎಳೆದರು. ರೈಲುಹಳಿ ಹಾಕಿದ, ಯುದ್ಧದಲ್ಲಿ ಕಾದಿದ ದುಡಿಮೆಗಾರನೊಬ್ಬ ಬೀದಿಯಲ್ಲಿ ಕೈಚಾಚುವ ಹಾಡನ್ನು 1932ರಲ್ಲಿ ಬರೆದರು. ನೋಡಿ, ಅವನು ಬೇಡುತ್ತಿದ್ದಾನೆ ಎನ್ನುವುದಕ್ಕಿಂತ ಲೆಕ್ಕ ಕೇಳುತ್ತಿದ್ದಾನೆ ಎನ್ನಬೇಕು. ಇಡೀ ಅಮೆರಿಕ ಅದನ್ನು ಹಾಡಿತು.

ಇನ್ನು 1939ರ ‘ಆಝ್’. ಬಾಮ್ ಅವರ ಮೂಲ ಕಾದಂಬರಿಯಲ್ಲಿ ಕಾನ್ಸಾಸ್ ಎಂದರೆ ಬರೀ ಬೂದು ಬಯಲು. ಕಾಮನಬಿಲ್ಲನ್ನು ತಂದವರು ಹಾರ್ಬರ್ಗ್. ಸಂಗೀತ ಹೆರಾಲ್ಡ್ ಆರ್ಲೆನ್ ಅವರದು. ಹಾಡುಗಳನ್ನು ಕಥೆಗೆ ಹೊಂದಿಸುವಾಗ ಅವರು ಸಂಭಾಷಣೆಗೂ ಕೈಹಾಕಿದರು. ಕಾದಂಬರಿಯ ಮಾಂತ್ರಿಕ ಬೆರ್ಚಪ್ಪನ ತಲೆಗೆ ತೌಡು, ಸೂಜಿ ತುಂಬುತ್ತಾನೆ. ಚಿತ್ರದಲ್ಲಿ ಅವನ ಕೈಗೆ ಪದವಿಪತ್ರ ಕೊಡುತ್ತಾನೆ! ಈ ವ್ಯಂಗ್ಯ ಹಾರ್ಬರ್ಗ್ ಬಗೆಯದು. ಆದರೆ ಚಿತ್ರಕಥೆಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮುನ್ನೋಟದ ಪ್ರದರ್ಶನದ ನಂತರ ಸ್ಟುಡಿಯೊ ಮಂದಿ ಕಾಮನಬಿಲ್ಲಿನ ಹಾಡನ್ನೇ ಕಿತ್ತುಹಾಕಿದ್ದರು. ಜಗಳವಾಡಿ ಮತ್ತೆ ಸೇರಿಸಿದ ಮೇಲೆ ಅದಕ್ಕೇ ಆಸ್ಕರ್ ಬಂತು.

ಮುಂದೆ ಕಮ್ಯುನಿಸ್ಟರ ಬೇಟೆ ಶುರುವಾಯಿತು. ಹಾರ್ಬರ್ಗ್ ಆ ಪಕ್ಷದ ಸದಸ್ಯರಾಗಿರಲಿಲ್ಲ. ಸಮಾಜವಾದದ ಒಲವನ್ನು ಮುಚ್ಚಿಡಲೂ ಇಲ್ಲ. 1950ರಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಶಂಕಿತರ ಹೆಸರು ಅಚ್ಚುಹಾಕಿತು. ಅದರಲ್ಲಿ ಅವರೂ ಇದ್ದರು. ವಿಚಾರಣೆಯಿಲ್ಲ, ತೀರ್ಪಿಲ್ಲ, ಸುಮಾರು ಹನ್ನೆರಡು ವರ್ಷ ಸ್ಟುಡಿಯೊ ಬಾಗಿಲು ಮುಚ್ಚಿತು. 1956ರಲ್ಲಿ ‘ಆಝ್’ ಮೊದಲ ಬಾರಿ ಟೆಲಿವಿಷನ್ನಿನಲ್ಲಿ ಬಂದಾಗ ಕೋಟ್ಯಂತರ ಜನ ಮನೆಯಲ್ಲೇ ಕುಳಿತು ಆ ಹಾಡು ಕೇಳಿದರು. ಬರೆದವರಿಗೆ ಮಾತ್ರ ಅದೇ ಟೆಲಿವಿಷನ್ನಿನಲ್ಲಿ ಕೆಲಸವಿರಲಿಲ್ಲ.

ಅನ್ನ ಕೊಟ್ಟದ್ದು ಬ್ರಾಡ್‌ವೇ ರಂಗಭೂಮಿ. ಅಲ್ಲಿ ಕಪ್ಪುಪಟ್ಟಿ ನಡೆಯುತ್ತಿರಲಿಲ್ಲ. 1947ರಲ್ಲೇ ಫ್ರೆಡ್ ಸೈಡಿ ಜತೆ ‘ಫಿನಿಯನ್ಸ್ ರೇನ್‌ಬೋ’ ಬರೆದಿದ್ದರು. ವರ್ಣದ್ವೇಷಿ ಸೆನೆಟರ್ ಒಬ್ಬ ಅದರಲ್ಲಿ ಮಂತ್ರದಿಂದ ಕರಿಯನಾಗಿ, ತಾನೇ ಎತ್ತಿಹಿಡಿದ ಕಾನೂನಿನ ರುಚಿ ನೋಡುತ್ತಾನೆ. 1968ರಲ್ಲಿ ಕೊಪ್ಪೊಲ ಅದನ್ನು ಚಿತ್ರ ಮಾಡಿದರು. ಚಿತ್ರಕಥೆ ಎಂಬಲ್ಲಿ ಈ ಬಾರಿ ಹಾರ್ಬರ್ಗ್ ಹೆಸರಿತ್ತು. ಆಗ ಅವರಿಗೆ 72 ವರ್ಷ.