ತುಕ್ಕು ಹಿಡಿದ ದೋಸೆ ಕಾವಲಿಯನ್ನು ಗುಜರಿಗೆ ಹಾಕಬೇಡಿ

ಇವತ್ತು ದೋಸೆ ಕಾವಲಿ ಬಗ್ಗೆ ಮಾತಾಡೋಣ. ಕೆಲವರು ಹೆಂಚು ಅಂತೀರಿ, ಕೆಲವರು ತವಾ ಅಂತೀರಿ. ನಾನು ಹೇಳ್ತಿರೋದು ಎರಕ ಹೊಯ್ದು ಮಾಡಿದ, ದಪ್ಪನೆಯ ಬೀಡು ಕಬ್ಬಿಣದ ಕಾವಲಿ.

ಎಷ್ಟೋ ಮನೆಗಳಲ್ಲಿ ಅಜ್ಜಿ ಕಾಲದ ಇಂಥ ಕಾವಲಿ ತುಕ್ಕು ಹಿಡಿದು ಅಟ್ಟದ ಮೇಲೆ ಬಿದ್ದಿರುತ್ತೆ. ಮನೆ ಬದಲಾಯಿಸುವಾಗ ಅದು ನೇರ ಗುಜರಿಗೆ ಹೋಗುತ್ತೆ. ಅದರ ಜಾಗಕ್ಕೆ ನಾನ್‌ಸ್ಟಿಕ್ ಬರುತ್ತೆ. ಅದರ ಲೇಪ ಕಿತ್ತುಬಂದ ಮೇಲೆ ಇನ್ನೊಂದು ನಾನ್‌ಸ್ಟಿಕ್. ಆದರೆ ಬಿರುಕು ಬಿಡದ ಕಬ್ಬಿಣದ ಕಾವಲಿ ಹಾಳಾಗಿರಲ್ಲ. ಒಂದು ಭಾನುವಾರ ಕೊಟ್ಟರೆ ಸಾಕು, ಮತ್ತೆ ಒಲೆಗೆ ಬರುತ್ತೆ.

ಹೇಗೆ ಅಂತೀರಾ? ಹಳೇ ಕಾವಲಿ ಮೇಲೆ ಕಪ್ಪಗೆ ಮಿನುಗೋದು ಕೊಳೆ ಅಲ್ಲ, ಎಣ್ಣೆ. ತೆಳ್ಳಗೆ ಸವರಿದ ಎಣ್ಣೆ ಚೆನ್ನಾಗಿ ಕಾದಾಗ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪದರ ಆಗುತ್ತೆ. ಕಾವಲಿ ಪಳಗಿಸೋದು ಅಂದ್ರೆ ಇದೇ. ಈ ಪದರ ಹೋದರೆ ಮತ್ತೆ ನಾವೇ ಕಟ್ಟಬಹುದು. ನಾನ್‌ಸ್ಟಿಕ್‌ನಲ್ಲಿ ಅದು ಆಗಲ್ಲ.

ಮೊದಲು ಕಲ್ಲುಪ್ಪು, ಸ್ಟೀಲ್ ನಾರು ಹಾಕಿ ತುಕ್ಕೆಲ್ಲ ಹೋಗೋವರೆಗೆ ಉಜ್ಜಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿ. ಬೆಚ್ಚಗಿರುವಾಗಲೇ ಎರಡೂ ಕಡೆ ಎಣ್ಣೆ ಸವರಿ. ಆಮೇಲೆ ಒಣ ಬಟ್ಟೆಯಿಂದ ಹಚ್ಚಿದ್ದನ್ನೆಲ್ಲ ತೆಗೀತಿದ್ದೀವೇನೋ ಅನ್ನೋ ಹಾಗೆ ಒರೆಸಿ. ಗುಟ್ಟು ಇರೋದು ಇಲ್ಲೇ. ಎಣ್ಣೆ ಜಾಸ್ತಿ ಉಳಿದರೆ ಪದರ ಅಂಟಂಟಾಗುತ್ತೆ.

ಕಿಟಕಿ ತೆಗೆದು, ಹೊಗೆ ಏಳುವಷ್ಟು ಕಾಯಿಸಿ. ಹತ್ತು ನಿಮಿಷ ಬಿಟ್ಟು ಆರಿಸಿ, ತಾನಾಗೇ ತಣ್ಣಗಾಗಲಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆ ಆಗುತ್ತೆ. ಕರಾವಳಿಯವರು ಬೇಜಾರಾಗಬೇಡಿ, ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಅಷ್ಟು ಒದಗಲ್ಲ, ಅದು ಸುಲಭಕ್ಕೆ ಗಟ್ಟಿಯಾಗಲ್ಲ. ತುಪ್ಪವೂ ಹಾಗೇ. ದೋಸೆ ಮೇಲೆ ಹಾಕ್ಕೊಳ್ಳಿ!

ಮೊದಲ ಒಂದೆರಡು ದೋಸೆ ಅಂಟಬಹುದು. ಕೈಬಿಡಬೇಡಿ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಮುಂದಿನದು ಹುಯ್ಯಿರಿ. ದೋಸೆ ಹುಯ್ದಷ್ಟೂ ಕಾವಲಿ ಪಳಗುತ್ತೆ. ಚಪಾತಿಗೆ ಮಾತ್ರ ಬೇರೆ ಕಾವಲಿ ಇಟ್ಕೊಳ್ಳಿ. ಎಣ್ಣೆ ಇಲ್ಲದ ಒಣ ಕಾವಿಗೆ ಪದರ ಸುಟ್ಟುಹೋಗುತ್ತೆ.

ಇನ್ನು ದಿನನಿತ್ಯದ ಆರೈಕೆ. ಸೋಪು ಮುಟ್ಟಿಸಲೇಬಾರದು ಅಂತ ಹೇಳ್ತಾರೆ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಹಾಕಿದರೆ ಗಟ್ಟಿ ಪದರಕ್ಕೆ ಏನೂ ಆಗಲ್ಲ. ನಿಜವಾದ ಶತ್ರು ನೀರು. ಸಿಂಕಲ್ಲಿ ನೆನೆಹಾಕಬೇಡಿ. ತೊಳೆದ ತಕ್ಷಣ ಒರೆಸಿ, ಒಲೆ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿಡಿ. ಹುಣಸೆಹಣ್ಣು, ಟೊಮೆಟೊ ಅದರಲ್ಲಿ ಬೇಯಿಸಬೇಡಿ. ಹುಳಿ ಪದರವನ್ನು ತಿನ್ನುತ್ತೆ.

ಒಂದು ಎಚ್ಚರಿಕೆ. ಕಾದ ಕಾವಲಿ ಮೇಲೆ ತಣ್ಣೀರು ಸುರಿಯಬೇಡಿ, ಕೆಳಗೂ ಬೀಳಿಸಬೇಡಿ. ಬೀಡು ಕಬ್ಬಿಣ ಗಟ್ಟಿ ನಿಜ, ಆದರೆ ಬಾಗಲ್ಲ, ಸೀಳುತ್ತೆ. ತುಕ್ಕಿಗೆ ಮದ್ದಿದೆ, ಬಿರುಕಿಗೆ ಇಲ್ಲ.

ಈ ಸಲ ಊರಿಗೆ ಹೋದಾಗ ಅಟ್ಟ ಒಮ್ಮೆ ನೋಡಿ. ಹೊಸದು ಕೊಳ್ಳೋ ಮೊದಲು ಅಮ್ಮನ್ನೋ ಅಜ್ಜಿಯನ್ನೋ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.