ರೋಗಾಣುಗಳ ಎರಡು ಬಣ್ಣ



ಹೊಳೆನರಸೀಪುರವಾಗಲಿ, ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ರೋಗಿಯು ಕೇಳುವುದು ‘ಯಾವ ಔಷಧ?’ ಎಂದು. ವೈದ್ಯನು ಅದಕ್ಕೆ ಮೊದಲು ಕೇಳಬೇಕಾದುದು ‘ಯಾವ ರೋಗಾಣು?’ ಎಂದು. ಇದಕ್ಕೆ ಸುಲಭವಾದ ಉಪಾಯವೊಂದನ್ನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದನು.

ಕಫವನ್ನೋ ಕೀವನ್ನೋ ಗಾಜಿನ ಮೇಲೆ ತೆಳುವಾಗಿ ಬಳಿದು ಒಣಗಿಸಿ, ನೇರಿಳೆ ಬಣ್ಣವನ್ನು ಹಾಕುವರು. ಅದನ್ನು ಅಯೊಡೀನಿನಿಂದ ನೆಲೆಗೊಳಿಸಿ ಮದ್ಯಸಾರದಿಂದ ತೊಳೆಯುವರು. ಕಡೆಗೆ ಕೆಂಪು ಬಣ್ಣವನ್ನು ಹಾಕುವರು. ದಪ್ಪ ಗೋಡೆಯ ಅಣುಜೀವಿಗಳು ನೇರಿಳೆಯನ್ನು ಬಿಟ್ಟುಕೊಡವು. ಇವೇ ಗ್ರಾಮ್ ಪಾಸಿಟಿವ್. ತೆಳುಗೋಡೆಯವು ನೇರಿಳೆಯನ್ನು ಕಳೆದುಕೊಂಡು ಕೆಂಪಾಗುವುವು. ಇವು ಗ್ರಾಮ್ ನೆಗೆಟಿವ್. ಕೆಲವೇ ನಿಮಿಷಗಳ ಕೆಲಸ.

ನ್ಯುಮೋನಿಯಾವನ್ನು ತರುವ ನ್ಯುಮೋಕಾಕಸ್ ಮೊದಲನೆಯ ಪಂಗಡದ್ದು. ಹೊಲಸು ಸೇರಿದ ನೀರಿನಿಂದ ಹರಡುವ ಟೈಫಾಯಿಡಿನ ರೋಗಾಣುವೂ, 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗಿನ ರೋಗಾಣುವೂ ಎರಡನೆಯ ಪಂಗಡದವು. ಇವುಗಳಿಗೆ ಗೋಡೆಯ ಹೊರಗೆ ಮತ್ತೊಂದು ಪೊರೆಯುಂಟು. ನ್ಯುಮೋಕಾಕಸನ್ನು ಕೊಲ್ಲುವ ಮೊದಲಿನ ಪೆನಿಸಿಲಿನ್ನಿಗೆ ಅದನ್ನು ದಾಟುವುದು ಕಷ್ಟ. ಬಣ್ಣದ ಭೇದವು ಔಷಧದ ಭೇದವೂ ಆಗುವುದು ಹೀಗೆ.

ಈ ಪರೀಕ್ಷೆಯು ಪಂಗಡವನ್ನು ತಿಳಿಸುವುದೇ ಹೊರತು ಹೆಸರನ್ನಲ್ಲ. ಹೆಸರು ತಿಳಿಯಲು ರೋಗಾಣುವನ್ನು ಬೆಳೆಸಿ ನೋಡಬೇಕು. ಅದಕ್ಕೆ ದಿನಗಳು ಬೇಕು. ಮೊದಲೇ ನುಂಗಿದ ಮಾತ್ರೆಯು ಆ ಬೆಳೆಯನ್ನೇ ಕೆಡಿಸೀತು. ಆದುದರಿಂದ ನೆರೆಮನೆಯವರಿಗೆ ಗುಣವಾದ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವ ಬದಲು, ಆಸ್ಪತ್ರೆಗೆ ಹೋಗಿ ಮೊದಲು ಪರೀಕ್ಷೆಗೆ ಕೊಡಿರಿ. ಔಷಧವು ಆಮೇಲೆ.